ಪದಚರ್ಚೆ: ಓಣಿಯ ಗೋಡೆ ತುಂಬ ಬರೆಸಿದ ಚಿತ್ರಕ್ಕೆ ಏನನ್ನಬೇಕು?

ಹಳೇ ಹುಬ್ಬಳ್ಳಿಯಿಂದ:
ಎಲ್ಲಾರಿಗೂ ಶರಣು. ನಮ್ಮ ಓಣಿಯ ಸಮುದಾಯ ಭವನದ ಹಿಂದಿನ ಗ್ವಾಡಿ ತುಂಬ ಚಿತ್ರ ಬರೆಸೀವಿ. ಇಳಕಲ್ ಸೀರಿ ಉಟ್ಟಾಕಿ ರೊಟ್ಟಿ ಬಡೀತಾಳ, ಬಾಜೂಕ ಗಂಗೂಬಾಯಿ ಹಾನಗಲ್ ತಂಬೂರಿ ಹಿಡದು ಕುಂತಾರ, ತುದಿಗೆ ಉಣಕಲ್ ಕೆರಿ. ಅದರ ಪಕ್ಕ ಬೋರ್ಡ್ ಹಾಕಬೇಕು. ಪೇಂಟರ್ 'ಮ್ಯೂರಲ್' ಅಂತ ಬರಕೊಂಡು ಬಂದಾನ. ಕನ್ನಡದಾಗ ಏನಂತ ಬರಸೋಣು? ಭಿತ್ತಿಚಿತ್ರ ಅಂದ್ರ ನಮ್ಮ ಹುಡುಗ್ರು ಸಿನಿಮಾ ಪೋಸ್ಟರ್ ಅನ್ಕೋತಾರ. ಸಂಜೀಕ ಅಂಗಡಿಗೆ ಕೊಡಬೇಕು, ಲಗೂ ಹೇಳ್ರಿ.

ಧಾರವಾಡದಿಂದ:
ಪೋಸ್ಟರಿಗೆ ಭಿತ್ತಿಪತ್ರ. ಚಿತ್ರ ಬೇರೆ, ಪತ್ರ ಬೇರೆ. ಬಾದಾಮಿಯ 3ನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅಲ್ಲಿ ಉಳಿದಿರುವ ವರ್ಣಚಿತ್ರಗಳಿಗೆ ಎಲ್ಲರೂ ಭಿತ್ತಿಚಿತ್ರ ಎಂದೇ ಬರೆಯುತ್ತ ಬಂದಿದ್ದಾರೆ. ಹೊಸದನ್ನು ಹುಡುಕುವ ಅಗತ್ಯ ಕಾಣೆ.

ಗದಗದಿಂದ:
ಮಾಸ್ತರರೇ, ಆ ಬಣ್ಣ ಉಳಿದಿರುವುದು ಲೋವೆಯ, ಅಂದರೆ ಸೂರಂಚಿನ, ಒಳಮೈಗೆ, ಗೋಡೆಗಲ್ಲ. ಅದೂ ಗಾರೆ ಮೆತ್ತಿ ಬರೆದದ್ದು. ಇಲ್ಲಿ ಸಿಮೆಂಟಿಗೆ ಪುಟ್ಟಿ ಹಚ್ಚಿ ಡಬ್ಬಿ ಬಣ್ಣ ಬಳಿದಿರುತ್ತಾರೆ. ಇರಲಿ. ಗೋಡೆ ನಮ್ಮ ಮಾತು, ತೆಲುಗರೂ ಗೋಡ ಅನ್ನುತ್ತಾರೆ. ಭಿತ್ತಿ ಸಂಸ್ಕೃತದ 'ಭಿದ್' ಧಾತುವಿನದು: ಸೀಳು, ಒಡೆ. ಓಣಿಯವರೆಲ್ಲ ಕೂಡಿ ಬರೆಸಿದ್ದಕ್ಕೆ ಒಡೆಯುವ ಪದ ಯಾಕೆ? ಗೋಡೆಚಿತ್ರ.

ಧಾರವಾಡದಿಂದ:
ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಜೋಡಣೆ. ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣ ತೆಗೆದು ನೋಡಿ.

ಗದಗದಿಂದ:
ಕೇಶಿರಾಜ 13ನೆಯ ಶತಮಾನದವನು, ಬೋರ್ಡು ಇವತ್ತಿನ ಸಂಜೆಯದು. ಮಳೆಗಾಲದಲ್ಲೂ ಮಳೆ ಕನ್ನಡ, ಕಾಲ ಸಂಸ್ಕೃತ. ಹಾಗಂತ ಕೊಡೆ ಬಿಟ್ಟು ಹೋಗುತ್ತೀರಾ?

ಹಾವೇರಿಯಿಂದ:
ಅಷ್ಟು ಅಂಜಿಕಿ ಇದ್ರ ಚಿತ್ರ ಬಿಟ್ಟು ತದ್ಭವ ಹಿಡೀರಿ, ಗೋಡೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಹೆಣ್ಮಕ್ಕಳು ಕೆಮ್ಮಣ್ಣು ಸಾರಿಸಿದ ಗ್ವಾಡಿ ಮ್ಯಾಲೆ ಅಕ್ಕಿಹಿಟ್ಟಿನ ಬಿಳುಪಿನಾಗ ಪುಂಡಿ ನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೀತಾರ. ಅವರ‍್ಯಾರೂ ಧಾತು ಕೇಳಿಲ್ಲ.

ಧಾರವಾಡದಿಂದ:
ಅದು ಗೆರೆಗಳ ವಿನ್ಯಾಸ. ಗಂಗೂಬಾಯಿಯವರ ಮುಖಕ್ಕೆ ಚಿತ್ತಾರ ಎನ್ನಲಾಗದು. ಅಲ್ಲದೆ 'ಬೋರ್ಡ್', 'ಪೇಂಟರ್' ಎಂದು ಸಲೀಸಾಗಿ ಬರೆಯುವವರಿಗೆ ಭಿತ್ತಿ ಮಾತ್ರ ಪರಕೀಯವಾಯಿತೆ?

ಹಾವೇರಿಯಿಂದ:
'ಸಲೀಸು' ಎಲ್ಲಿಂದ ಬಂತ್ರಿ ಮಾಸ್ತರ್ರ? ನೀವು ಕುಂತ ಖುರ್ಚಿ ಅರಬ್ಬಿ. ದವಾಖಾನಿ ಅರಬ್ಬಿಗೆ ಪಾರಸಿ ಗಂಟು ಹಾಕಿದ್ದು, ಅದಕ್ಕ ಯಾವ ಸಮಾಸ ಅಂತೀರಿ? ನಮ್ಮ ಕಡೆ ಕನ್ನಡದಾಗಿಂದ ಮರಾಠಿ, ಉರ್ದು ತಗದ್ರ ಸಂತ್ಯಾಗ ಒಂದು ಕಿಲೋ ಉಳ್ಳಾಗಡ್ಡಿ ತರಾಕ ಆಗೂದಿಲ್ಲ.

ಗದಗದಿಂದ:
ಉಳ್ಳಾಗಡ್ಡಿ ಅಚ್ಚಗನ್ನಡ. ಉಳ್ಳಿ, ಗಡ್ಡೆ.

ಹಾವೇರಿಯಿಂದ:
ಕಿಲೋ?

ಹಳೇ ಹುಬ್ಬಳ್ಳಿಯಿಂದ:
ಅಂಗಡ್ಯಾಂವ ಫೋನ್ ಮ್ಯಾಲೆ ಫೋನ್ ಹಚ್ಚಾಕತ್ತಿದ್ದ. ಗೋಡೆಚಿತ್ರ ಅಂತ ಹೇಳೀನಿ, ಹುಡುಗ್ರು ಓದಿದ ಕೂಡ್ಲೆ ತಿಳೀತೈತಿ. ಎರಡೂ ಕೂಡಿಸಿ ಬರೀಲೋ, ನಡುವ ಜಾಗ ಬಿಡ್ಲೋ ಅಂತ ಕೇಳಾಕತ್ತಾನ.

ಧಾರವಾಡದಿಂದ:
ಕೂಡಿಸಿ. ಅರಿಸಮಾಸವಾದರೂ ಸಮಾಸವೇ.