ಫೋಂಡಾದಲ್ಲೇ ಯಾಕೆ ಇಷ್ಟು ದೇವಸ್ಥಾನ? ನಮ್ಮ ಕುಠ್ಠಾಳಿ ಕಡೆ ಯಾಕಿಲ್ಲ?

ಗದಗದವ_ವೆರ್ಣಾ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು. ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ, ಬಾಡಿಗೆ ಮನೆ ಕುಠ್ಠಾಳಿಯಲ್ಲಿ. ಊರಿಂದ ಯಾರೇ ಬಂದರೂ ಫೋಂಡಾ ಕಡೆ ಕರೆದುಕೊಂಡು ಹೋಗುವುದು ರೂಢಿ. ಮಂಗೇಶಿ, ಮಾರ್ದೋಳದ ಮಹಾಲಸಾ, ನಾಗೇಶಿ, ರಾಮನಾಥಿ, ಕವಳೆ ಶಾಂತಾದುರ್ಗಾ, ಎಲ್ಲ ಹತ್ತಿರ ಹತ್ತಿರ. ನಮ್ಮ ಈ ದಡದಲ್ಲಿ ನೋಡಿದರೆ ಹಳೆಯದು ಅಂದರೆ ಚರ್ಚು ಮಾತ್ರ. ನಡುವೆ ಇರುವುದು ಒಂದು ಹೊಳೆ. ಇಷ್ಟು ವ್ಯತ್ಯಾಸ ಹೇಗೆ?

ಇನ್ನೊಂದು ಪ್ರಶ್ನೆ. ನಮ್ಮ ಮನೆ ಮಾಲೀಕರು ಕ್ಯಾಥೊಲಿಕ್, ಬಹಳ ಒಳ್ಳೆಯ ಜನ. ಮಗಳಿಗೆ ಗಂಡು ನೋಡುತ್ತಿದ್ದಾರೆ. ಹುಡುಗ ಬಾಮಣನೇ ಆಗಬೇಕಂತೆ! ಧರ್ಮ ಬದಲಾಗಿ ನಾಲ್ಕುನೂರು ವರ್ಷದ ಮೇಲಾದರೂ ಜಾತಿ ಹೋಗಿಲ್ಲ ಅಂದರೆ ಏನರ್ಥ? ಯಾರಾದರೂ ತಿಳಿದವರು ಹೇಳಿ.

ಮಡಗಾಂವ್_ಮಾಸ್ತರ:

ತಮ್ಮಾ, ನೀವು ಇರುವ ಜಾಗವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಮಂಗೇಶ ಇದ್ದದ್ದು ಕುಠ್ಠಾಳಿಯಲ್ಲೇ, ಆಗ ಅದು ಕುಶಸ್ಥಳಿ. ಮಹಾಲಸಾ ನೀವು ದಿನಾ ಕೆಲಸಕ್ಕೆ ಹೋಗುವ ವೆರ್ಣಾದವಳು. ಶಾಂತಾದುರ್ಗಾ ಪಕ್ಕದ ಕೇಳೋಶಿಯವಳು. ರಾಮನಾಥ ಲೋಟಲಿಯವನು. ಇವರೆಲ್ಲ ಹೊಳೆ ದಾಟಿ ಹೋದ ದೇವರು. ನಿಮ್ಮ ಪಟ್ಟಿಯಲ್ಲಿ ನಾಗೇಶ ಒಬ್ಬನೇ ಮೊದಲಿಂದ ಅಲ್ಲೇ ಇರುವವನು, ಅಲ್ಲಿ 1413ರ ಶಾಸನ ಇದೆ.

ಪೋರ್ಚುಗೀಸರು 1510ರಲ್ಲಿ ಬಂದಾಗ ಅವರ ಕೈಗೆ ಸಿಕ್ಕಿದ್ದು ತಿಸವಾಡಿ ದ್ವೀಪ, ಅಂದರೆ ಈಗಿನ ಪಣಜಿ, ಓಲ್ಡ್ ಗೋವಾ ಇರುವ ಭಾಗ. ದಕ್ಷಿಣದ ಸಾಷ್ಟಿ, ಉತ್ತರದ ಬಾರದೇಶ 1543ರಲ್ಲಿ ಸಿಕ್ಕವು. ಕುಠ್ಠಾಳಿ, ವೆರ್ಣಾ ಆಗ ಸಾಷ್ಟಿಗೇ ಸೇರಿದ್ದವು. ಝುವಾರಿ ಹೊಳೆಯ ಆಚೆ ಇದ್ದ ಫೋಂಡಾ ಬಿಜಾಪುರದ ಆದಿಲಶಾಹಿಯದು. ಅಂದರೆ ಆ ಹೊಳೆಯೇ ರಾಜ್ಯದ ಗಡಿ. 1560ರಲ್ಲಿ ಮಂಗೇಶನ ಲಿಂಗ ಎತ್ತಿಕೊಂಡು ಹೊಳೆ ದಾಟಿ ಪ್ರಿಯೋಳಕ್ಕೆ ಹೋದವರು ದೂರ ಓಡಲಿಲ್ಲ, ಎದುರಿನ ದಡಕ್ಕೆ ಹೋದರು ಅಷ್ಟೇ. ತಮ್ಮ ಹೊಲ ಗದ್ದೆ ಈಚೆ ದಡದಲ್ಲಿ ಇನ್ನೂ ಇತ್ತು, ನಾಳೆ ಕಾಲ ಬದಲಾದರೆ ವಾಪಸ್ ಬರಬಹುದು ಅನ್ನೋ ಲೆಕ್ಕವೂ ಇದ್ದಿರಬೇಕು, ಅದು ನನ್ನ ಊಹೆ.

ಈಗ ಜಾತಿ ವಿಷಯ. ಇದಕ್ಕೆ ಧರ್ಮಶಾಸ್ತ್ರ ಕೆದಕುವುದಕ್ಕಿಂತ ಜಮೀನು ನೋಡಿ. ಗೋವಾದ ಹಳ್ಳಿಗಳು ಗಾಂವ್‌ಕರರದು. ಊರು ಕಟ್ಟಿದ ಕೆಲವು ವಾಂಗಡಗಳು, ಅಂದರೆ ನಮ್ಮಲ್ಲಿ ಮನೆತನ ಅಂತೀವಲ್ಲ ಹಾಗೆ, ಊರಿನ ಜಮೀನನ್ನು ಒಟ್ಟಾಗಿ ಹಿಡಿದಿದ್ದವು. ಗದ್ದೆ ಹರಾಜು, ಕಂದಾಯ, ದೇವಸ್ಥಾನದ ಖರ್ಚು ಎಲ್ಲ ಅವರದೇ. ಉಳಿದ ಹಣ ಗಾಂವ್‌ಕರ ಗಂಡಸರಿಗೆ ಝೋಣ್ ಅಂತ ಹಂಚಿಕೆ. ಪೋರ್ಚುಗೀಸರು ಇದನ್ನು ಒಡೆಯಲಿಲ್ಲ. ಒಡೆದರೆ ಕಂದಾಯ ಯಾರು ವಸೂಲಿ ಮಾಡಿ ಕೊಡುತ್ತಾರೆ? 1526ರಲ್ಲಿ ಅಫೊನ್ಸೊ ಮೆಶಿಯಾ ಅನ್ನೋ ಅಧಿಕಾರಿ ಈ ರೂಢಿಗಳನ್ನೆಲ್ಲ ಬರೆಸಿ ಗಟ್ಟಿ ಮಾಡಿದ. ಇದೇ ಮುಂದೆ ಕೊಮುನಿದಾದ್ ಆಯಿತು, ಇವತ್ತಿಗೂ ಇದೆ.

ಹಾಗಾಗಿ ಮತಾಂತರ ಒಬ್ಬೊಬ್ಬರೇ ಮನಸ್ಸು ಬದಲಾಯಿಸಿ ಆದದ್ದಲ್ಲ, ಎಷ್ಟೋ ಕಡೆ ಗಾಂವ್‌ಕರರು ಗುಂಪಾಗಿ ಆದರು, ಆದಮೇಲೂ ಅದೇ ಗದ್ದೆ, ಅದೇ ಮನೆತನ, ಅದೇ ಮರ್ಯಾದೆ ಉಳಿಯಿತು. ಬ್ರಾಹ್ಮಣ ಬಾಮಣನಾದ, ಕ್ಷತ್ರಿಯ ಅಂದುಕೊಂಡವನು ಚಾರ್ಡೊ ಆದ, ಉಳಿದವರು ಸುದಿರ, ಅಂದರೆ ಶೂದ್ರ. ದೇವಸ್ಥಾನದ ಪಲ್ಲಕ್ಕಿಗೆ ಯಾರು ಹೆಗಲು ಕೊಡಬೇಕು ಅನ್ನೋ ಜಗಳ ಇದ್ದಲ್ಲಿ ಚರ್ಚಿನ ಹಬ್ಬ ಯಾರ ಹೆಸರಲ್ಲಿ ನಡೆಯಬೇಕು ಅನ್ನೋ ಜಗಳ ಬಂತು. ಒಂದೊಂದು ಜಾತಿಗೆ ಒಂದೊಂದು ಕೊನ್ಫ್ರಾರಿಯಾ, ಅಂದರೆ ಚರ್ಚಿನೊಳಗಿನ ಭಕ್ತರ ಸಂಘ. ಪಾದ್ರಿಗಳಾದವರಲ್ಲೂ ಬಹುಕಾಲ ಬಾಮಣರೇ ಜಾಸ್ತಿ.

ವಾಸ್ಕೋ_ಹುಬ್ಬಳ್ಳಿಯವ:

ಮಾಸ್ತರರೇ, ಜಮೀನು ಜಮೀನು ಅಂತ ಹೇಳಿ ಎಲ್ಲ ಸಲೀಸಾಗಿ ನಡೆದ ಹಾಗೆ ಮಾಡಿಬಿಟ್ಟಿರಲ್ಲ. ತಿಸವಾಡಿಯಲ್ಲಿ ದೇವಸ್ಥಾನ ಕೆಡವಿದ್ದು, ಅದರ ಜಮೀನಿನ ಆದಾಯ ಪಾದ್ರಿಗಳ ಕಾಲೇಜಿಗೆ ಹೋದದ್ದು, 1567ರಲ್ಲಿ ಸಾಷ್ಟಿಯ ದೇವಸ್ಥಾನಗಳನ್ನು ಸಾಲಾಗಿ ಸುಟ್ಟದ್ದು, ಅಪ್ಪ ಸತ್ತ ಮಕ್ಕಳನ್ನು ಮನೆಯವರಿಂದ ಕಿತ್ತು ಬ್ಯಾಪ್ಟಿಸಂ ಕೊಟ್ಟದ್ದು, ಅದೆಲ್ಲ ಎಲ್ಲಿ ಹೋಯಿತು? ಇನ್‌ಕ್ವಿಜಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, 1560ರಿಂದ 1812ರವರೆಗೆ ಇತ್ತು, ನಡುವೆ 1774ರಿಂದ ನಾಲ್ಕು ವರ್ಷ ಬಿಟ್ಟರೆ. ಸಾಷ್ಟಿಯ ಕುಂಕೊಳ್ಳಿ ಊರಿನ ಕಥೆ ಹೇಳಿ ಸ್ವಲ್ಪ.

ಮಡಗಾಂವ್_ಮಾಸ್ತರ:

ಸಲೀಸು ಅಂತ ನಾನು ಎಲ್ಲಿ ಹೇಳಿದೆ? ಕೇಳಿದ್ದು ಜಾತಿ ಯಾಕೆ ಉಳಿಯಿತು ಅಂತ, ಅದಕ್ಕೆ ಉತ್ತರ ಕೊಟ್ಟೆ. ಬೆದರಿಕೆ ಇತ್ತು, ಅದಕ್ಕೇ ತಾನೇ ದೇವರು ಹೊಳೆ ದಾಟಿದ್ದು.

ಕುಂಕೊಳ್ಳಿ ಹೇಳುತ್ತೇನೆ. ದೇವಸ್ಥಾನ ಸುಟ್ಟ ಸಿಟ್ಟು ಮೊದಲೇ ಇತ್ತು. 1583ರ ಜುಲೈಯಲ್ಲಿ ಚರ್ಚಿಗೆ ಜಾಗ ನೋಡಲು ಬಂದ ಐದು ಜನ ಜೆಸುಯಿಟ್ ಪಾದ್ರಿಗಳನ್ನು ಊರವರು ಕೊಂದರು. ಅವರಲ್ಲಿ ಒಬ್ಬ ರುದೊಲ್ಫೊ ಅಕ್ವವೀವಾ, ಅದೇ ವರ್ಷ ಅಕ್ಬರನ ದರ್ಬಾರಿನಿಂದ ವಾಪಸ್ ಬಂದವನು. ಆಮೇಲೆ ಪೋರ್ಚುಗೀಸರು ಮಾತುಕತೆ ಅಂತ ಅಸೋಳ್ಣಾ ಕೋಟೆಗೆ ಊರ ಮುಖಂಡರನ್ನು ಕರೆಸಿ ಕೊಂದರು. ಕುಂಕೊಳ್ಳಿಯ ದೇವಿ ಫಾತೊರ್ಪೆಗೆ ಹೋದಳು. ಈಗಲೂ ಶಿಗ್ಮೋ, ಅಂದರೆ ಇಲ್ಲಿಯ ಹೋಳಿ ಹಬ್ಬದ ಸಮಯದಲ್ಲಿ ಹನ್ನೆರಡು ವಾಂಗಡಗಳ ಹೆಸರಲ್ಲಿ ಬಣ್ಣದ ಛತ್ರಿ ಹಿಡಿದು ಫಾತೊರ್ಪೆಯಿಂದ ಕುಂಕೊಳ್ಳಿಗೆ ದೇವಿಯ ಮೆರವಣಿಗೆ ಬರುತ್ತದೆ, ಅದರಲ್ಲಿ ಕ್ಯಾಥೊಲಿಕ್ ಗಾಂವ್‌ಕರರೂ ಇರುತ್ತಾರೆ. ಧರ್ಮ ಬೇರೆಯಾದರೂ ವಾಂಗಡ ಅದೇ. ನಾನು ಹೇಳುತ್ತಿರುವುದು ಇದನ್ನೇ.

ಇನ್ನೊಂದು ನೋಡಿ. 1736ರಲ್ಲಿ ಇನ್‌ಕ್ವಿಜಿಷನ್ನಿನವರು ಕ್ರಿಶ್ಚಿಯನ್ನರಿಗೆ ಇದು ಮಾಡಬೇಡಿ ಅಂತ ಉದ್ದದ ಆಜ್ಞೆ ಹೊರಡಿಸಿದರು. ತುಳಸಿ ನೆಡಬಾರದು, ಧೋತರ ಉಡಬಾರದು, ಉಪ್ಪಿಲ್ಲದೆ ಅನ್ನ ಮಾಡಬಾರದು! ಮತಾಂತರ ಶುರುವಾಗಿ ಸುಮಾರು ಇನ್ನೂರು ವರ್ಷ ಆದಮೇಲೂ ಬೇಡ ಅನ್ನಬೇಕಾಯಿತು ಅಂದರೆ ಜನ ಅದನ್ನೆಲ್ಲ ಮಾಡುತ್ತಲೇ ಇದ್ದರು ಅಂತಲೇ ಅಲ್ವಾ? ನಿಮ್ಮ ಮಾಲೀಕರ ಮಗಳ ಮದುವೆಗೆ ಹೋದರೆ ರೋಸ್ ಶಾಸ್ತ್ರ ನೋಡಿ ಬನ್ನಿ. ಮೈಗೆ ತೆಂಗಿನ ಹಾಲು ಹಚ್ಚುತ್ತಾರೆ, ನಮ್ಮ ಅರಿಶಿನದ ಶಾಸ್ತ್ರದ ಹಾಗೇ.

ಫೋಂಡಾ_ಅಕ್ಕ:

ಇಬ್ಬರೂ ಒಂದು ಬಿಟ್ಟಿರಿ. ಈ ದೇವರಿಗೆಲ್ಲ ಆಸರೆ ಕೊಟ್ಟ ನೆಲ ಒಬ್ಬ ಮುಸ್ಲಿಂ ಸುಲ್ತಾನನದು. ಫೋಂಡಾದ ಸಫಾ ಮಸೀದಿ ಕಟ್ಟಿದ್ದು 1560ರಲ್ಲಿ, ಮಂಗೇಶ ಬಂದ ವರ್ಷವೇ. ನಮ್ಮ ತವರು ವಿಜಯಪುರ, ಅದಕ್ಕೆ ಸ್ವಲ್ಪ ಹೆಮ್ಮೆಯಿಂದ ಹೇಳುತ್ತೇನೆ.

ಆಮೇಲೆ ಈ ಸೀಮೆ ಸೋದೆ ಅರಸರ ಕೈಗೆ ಬಂತು. ನಮ್ಮ ಶಿರಸಿ ಹತ್ತಿರದ ಸೋದೆ. ಹೈದರ್ ಅಲಿ ದಾಳಿ ಮಾಡಿದಾಗ ಅರಸರು ಗೋವಾಕ್ಕೆ ಬಂದರು, ಫೋಂಡಾ 1763ರಲ್ಲಿ ಪೋರ್ಚುಗೀಸರಿಗೆ ಹೋಯಿತು. ನಾಗೇಶಿ ಹತ್ತಿರ ಬಾಂದಿವಡೆಯಲ್ಲಿ ಆ ಮನೆತನದ ಅರಮನೆ ಇದೆ. ಆ ಹೊತ್ತಿಗೆ ಪೋರ್ಚುಗೀಸರಲ್ಲಿ ಹಳೆಯ ಆವೇಶ ಇರಲಿಲ್ಲ, ಧರ್ಮದ ವಿಷಯಕ್ಕೆ ಕೈ ಹಾಕುವುದಿಲ್ಲ ಅಂತ ಒಪ್ಪಿಕೊಂಡಿದ್ದರು. ಅದಕ್ಕೇ ನಮ್ಮ ಕಡೆ ದೇವಸ್ಥಾನ ಉಳಿದವು. ಇನ್ನೂರು ವರ್ಷ ಮುಂಚೆ ಬಂದಿದ್ದರೆ ಕಥೆಯೇ ಬೇರೆ.

ಗದಗದವ_ವೆರ್ಣಾ:

ಎಲ್ಲರಿಗೂ ಥ್ಯಾಂಕ್ಸ್. ಜಾತಿ ವಿಷಯ ಓದಿ ನಮ್ಮ ಕಡೆಯೇ ನೆನಪಾಯಿತು. ಶರಣರು ಜಾತಿ ಬೇಡ ಅಂದರು, ನಮ್ಮ ಮನೆಯಲ್ಲಿ ಹೆಣ್ಣು ನೋಡುವಾಗ ಮೊದಲು ಕೇಳುವುದು ಒಳಪಂಗಡವನ್ನೇ! ಮಾಲೀಕರನ್ನು ಆಡಿಕೊಳ್ಳುವ ಹಾಗಿಲ್ಲ.

ಕೊನೆಗೆ ಒಂದು. ಇಲ್ಲಿಯ ಸರ್ಕಾರಿ ಬಸ್ಸಿಗೆ ಕದಂಬ ಅಂತ ಹೆಸರು. ಆ ಕದಂಬರ ದೇವರು ಯಾವುದು, ಅದೂ ಹೀಗೇ ಜಾಗ ಬದಲಾಯಿಸಿತಾ?

ಮಡಗಾಂವ್_ಮಾಸ್ತರ:

ಹೌದು, ಸಪ್ತಕೋಟೇಶ್ವರ. ಗೋವಾ ಕದಂಬರು ಚಂದ್ರಪುರ, ಅಂದರೆ ಈಗಿನ ಚಾಂದೋರ್, ಆಮೇಲೆ ಗೋಪಕಪಟ್ಟಣದಿಂದ ಆಳಿದವರು. ಕನ್ನಡದಲ್ಲೂ ಶಾಸನ ಹಾಕಿಸಿದರು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಎರಡನೇ ಜಯಕೇಶಿಗೆ ಕೊಟ್ಟಿದ್ದರು. ಇವರ ಮನೆದೇವರು ಇದ್ದದ್ದು ದಿವಾಡಿ ದ್ವೀಪದಲ್ಲಿ. ಮೊದಲು ಬಹಮನಿಗಳು ಕೆಡವಿದರು, ವಿಜಯನಗರದ ಮಾಧವ ಮಂತ್ರಿ ಮತ್ತೆ ನಿಲ್ಲಿಸಿದ, ಪೋರ್ಚುಗೀಸರು ಮತ್ತೆ ಕೆಡವಿದರು. ಲಿಂಗ ಹೊಳೆ ದಾಟಿ ಡಿಚೋಲಿಯ ನಾರ್ವೆಗೆ ಹೋಯಿತು. ಅಲ್ಲಿ 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ.

ರಜೆ ದಿನ ಹೋಗಿ ಬನ್ನಿ. ಓಲ್ಡ್ ಗೋವಾದಿಂದ ದಿವಾಡಿಗೆ ಫೆರ್ರಿ, ದ್ವೀಪ ದಾಟಿ ಆ ಕಡೆಯಿಂದ ನಾರ್ವೆಗೆ ಇನ್ನೊಂದು ಫೆರ್ರಿ. ಬೈಕ್ ಜೊತೆಗೇ ಹಾಕಿಕೊಂಡು ಹೋಗಬಹುದು.