ಸಹಾಯ ಬೇಕು: ಈ ವಯಸ್ಸಿನಲ್ಲೂ ಕನಸಲ್ಲಿ ಗಣಿತ ಫೇಲ್!

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತು ದಾಟಿದೆ. ಆದರೂ ಆಫೀಸಿನಲ್ಲಿ ಅಪ್ರೈಸಲ್ ಹತ್ತಿರ ಬಂದರೆ ಸಾಕು, ಎಸ್ಸೆಸ್ಸೆಲ್ಸಿ ಕನಸು ಶುರುವಾಗುತ್ತದೆ. ಅಂಕಪಟ್ಟಿ ಕೈಯಲ್ಲಿರುತ್ತದೆ. ಕನ್ನಡಕ್ಕೆ 125ರಲ್ಲಿ ಒಳ್ಳೆ ಅಂಕ, ಕೆಳಗೆ ಒಟ್ಟು 625 ಅಂತ ಸರಿಯಾಗೇ ಅಚ್ಚಾಗಿರುತ್ತದೆ. ಗಣಿತದ ಸಾಲು ಮಾತ್ರ ಖಾಲಿ. ಹೆಡ್‌ಮಾಸ್ಟರ್ ಸಹಿಯ ಶಾಯಿ ಇನ್ನೂ ಹಸಿ, ಹೆಬ್ಬೆರಳಿಗೆ ಅಂಟುತ್ತದೆ. "ಮತ್ತೆ ಪರೀಕ್ಷೆ ಕಟ್ಟಬೇಕು" ಅನ್ನುತ್ತಾರೆ. "ಡಿಗ್ರಿನೇ ಮುಗಿದಿದೆ ಸಾರ್" ಅಂದರೆ ಯಾರೂ ಕೇಳುವುದಿಲ್ಲ.

ತಮಾಷೆ ಅಂದರೆ ನಾನು ಗಣಿತದಲ್ಲಿ ಯಾವತ್ತೂ ಫೇಲಾಗಿಲ್ಲ. ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ ಕೂಡ ಇದನ್ನೇ ಬರೆದಿದ್ದಾನೆ. ಪಾಸಾದ ಪರೀಕ್ಷೆಯೇ ಕನಸಿಗೆ ಬರುತ್ತದಂತೆ. ಅವನು ಫೇಲಾಗಿದ್ದು ನ್ಯಾಯವೈದ್ಯಶಾಸ್ತ್ರದಲ್ಲಿ, ಕನಸಿಗೆ ಬರುತ್ತಿದ್ದದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ! "ಅವತ್ತೂ ಹೀಗೇ ಹೆದರಿದ್ದೆ, ಏನೂ ಆಗಲಿಲ್ಲವಲ್ಲ" ಅಂತ ಮನಸ್ಸು ಸಮಾಧಾನ ಹೇಳುತ್ತದೆ ಅನ್ನುವುದು ಅವನ ವಾದ. ಇರಬಹುದು. ಆದರೆ ಸಮಾಧಾನಕ್ಕೆ ಇಷ್ಟು ಬೆವರು ಯಾಕೆ? ನನಗೆ ಅನ್ನಿಸುವುದು, ಯಾರೋ ನಮ್ಮನ್ನು ಅಳೆಯುವಾಗ ಬರುವ ಭಯಕ್ಕೆ ಮನಸ್ಸು ಹಳೇ ವೇಷವನ್ನೇ ಹಾಕುತ್ತದೆ.

ನಿಮಗೂ ಹೀಗಾಗುತ್ತಾ? ಯಾವ ವಿಷಯ ಬರುತ್ತದೆ, ಪಾಸಾಗಿದ್ದೋ ಫೇಲಾಗಿದ್ದೋ? ಮಲಗುವ ಮುಂಚೆ ಚಿಂತೆಗಳನ್ನು ಬರೆದಿಟ್ಟು ಯಾರಿಗಾದರೂ ಕಡಿಮೆಯಾಗಿದೆಯಾ? ಗುಂಪಿನಲ್ಲಿ ಮನಃಶಾಸ್ತ್ರ ಓದಿದವರಿದ್ದರೆ ದಯವಿಟ್ಟು ಹೇಳಿ, ಇದಕ್ಕೆ ಕೌನ್ಸೆಲರ್ ಹತ್ತಿರ ಹೋಗೋದು ಜಾಸ್ತಿ ಆಯ್ತಾ? ಸ್ವಪ್ನಫಲ, ಶಾಂತಿ ಹೋಮದ ಸಲಹೆ ಬೇಡ, ಅದನ್ನು ಅತ್ತೆ ಆಗಲೇ ಕೊಟ್ಟಿದ್ದಾರೆ.