ಬಾಸ್ಟನ್ನಿಗೆ ಬಂದ ಜೆರೆಮಿಯಾನ ತಾಯಿ ಯಾರು?

ಬಾಸ್ಟನ್ ಸೊಸೆ:
ನನ್ನ ತವರು ಧಾರವಾಡ, ಸೇರಿದ ಮನೆ ಬಾಸ್ಟನ್ನಿನದು. ಗಂಡನ ಮುತ್ತಜ್ಜನ ತಂದೆ ಜೆರೆಮಿಯಾ ಸಲಿವನ್ ಐರ್ಲೆಂಡಿನ ಮಹಾಕ್ಷಾಮದ ಕಾಲದಲ್ಲಿ, 1851ರಲ್ಲಿ, ಹಡಗು ಹತ್ತಿ ಇಲ್ಲಿಗೆ ಬಂದವರು. ಅವರ ತಂದೆತಾಯಿ ಯಾರೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷ ಹುಡುಕಿ ಪತ್ತೆ ಮಾಡಿದ್ದೇನೆ. 1889ರ ಮರಣ ದಾಖಲೆಯಲ್ಲಿ ವಯಸ್ಸು 58, ತಂದೆ ಡೇನಿಯಲ್, ತಾಯಿ ಹೊನೋರಾ ಎಂದಿದೆ. ಐರ್ಲೆಂಡಿನ ನೈಋತ್ಯದ ಬೇರಾ ಪರ್ಯಾಯ ದ್ವೀಪದ ಒಂದು ಪ್ಯಾರಿಷ್‌ನ (ಚರ್ಚಿನ ವ್ಯಾಪ್ತಿಯ ಊರುಗಳ) ವಹಿಯಲ್ಲಿ 1831ರ ದೀಕ್ಷಾಸ್ನಾನ ಸಿಕ್ಕಿತು. ಅಲ್ಲಿಯೂ ಮಗು ಜೆರೆಮಿಯಾ, ತಂದೆ ಡೇನಿಯಲ್, ತಾಯಿ ಹೊನೋರಾ. ವಂಶವೃಕ್ಷದಲ್ಲಿ ಬರೆದು ಮುಗಿಸಿದ್ದೇನೆ. ಇನ್ನು ಡೇನಿಯಲ್‌ನ ತಂದೆಯನ್ನು ಹುಡುಕುವುದು ಹೇಗೆ?

ಹಳೆಕಡತ:
ಬರೆದು ಮುಗಿಸಿದ್ದು ಅವಸರವಾಯಿತು. ಮರಣ ದಾಖಲೆಯ ವಿವರ ಕೊಟ್ಟವರು ಯಾರು? ಸತ್ತವರು ತಾವೇ ಬರೆಸಲಿಲ್ಲವಲ್ಲ. ಜೆರೆಮಿಯಾ ಬಾಸ್ಟನ್ನಿನಲ್ಲೇ ಮದುವೆಯಾಗಿದ್ದರೆ ಆ ದಾಖಲೆಯಲ್ಲಿಯೂ ತಂದೆತಾಯಿಯ ಹೆಸರು ಇರಬಹುದು. ಅದನ್ನು ನೋಡಿದ್ದೀರಾ?

ಬಾಸ್ಟನ್ ಸೊಸೆ:
ನೋಡಿದ್ದೇನೆ. 1857ರ ಮದುವೆ. ತಂದೆ ಡೇನಿಯಲ್, ತಾಯಿ ಜೊಹಾನಾ ಎಂದಿದೆ. ಗುಮಾಸ್ತ ತಪ್ಪಾಗಿ ಕೇಳಿಸಿಕೊಂಡಿರಬೇಕು. ಆ ಕಾಲದಲ್ಲಿ ಐರಿಷ್ ಹೆಸರುಗಳನ್ನು ಹೇಗೆ ಬೇಕೋ ಹಾಗೆ ಬರೆಯುತ್ತಿದ್ದರು.

ನಿವೃತ್ತ ಶಿರಸ್ತೇದಾರ:
‘ಹೇಗೆ ಬೇಕೋ ಹಾಗೆ ಬರೆಯುತ್ತಿದ್ದರು’ ಎಂದಿರಿ, ನೂರಕ್ಕೆ ನೂರು ನಿಜ. ಈ ಮನೆತನದ ಮೂಲ ಹೆಸರು ಓಸಲಿವನ್. ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಕುಳಿತಿದ್ದ ಅಮೆರಿಕದ ಅಧಿಕಾರಿಗಳು ‘ಓ’ ಕತ್ತರಿಸಿ ಸಲಿವನ್ ಮಾಡಿದರು. ನೀವು ಓಸಲಿವನ್ ಎಂದು ಹುಡುಕಿದರೆ ಮಾತ್ರ ಸಿಗುತ್ತದೆ.

ಡಬ್ಲಿನ್ ಮಳೆ:
ಎಲ್ಲಿಸ್ ದ್ವೀಪದ ಕಚೇರಿ ತೆರೆದದ್ದು 1892ರಲ್ಲಿ, ಅದೂ ನ್ಯೂಯಾರ್ಕ್ ಬಂದರಿನಲ್ಲಿ. ಜೆರೆಮಿಯಾ ಇಳಿದದ್ದು 1851ರಲ್ಲಿ, ಬಾಸ್ಟನ್ನಿನಲ್ಲಿ. ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ ತೆರೆದ ಕಚೇರಿ ಅವರ ಹೆಸರನ್ನು ಕತ್ತರಿಸಿತೇ?

ನಿವೃತ್ತ ಶಿರಸ್ತೇದಾರ:
ಕಚೇರಿ ಯಾವುದಾದರೇನು, ಗುಮಾಸ್ತ ಗುಮಾಸ್ತನೇ. ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ್ದೇನೆ. ಪಹಣಿಯಲ್ಲಿ ತಿಮ್ಮಪ್ಪ ತಿಮ್ಮಣ್ಣನಾದದ್ದನ್ನು, ಹೊನ್ನಮ್ಮ ಚೆನ್ನಮ್ಮಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬರೆಯುವವನ ಕೈ ಹೇಗೆ ಓಡಿತೋ ಹಾಗೆ ಹೆಸರು.

ಡಬ್ಲಿನ್ ಮಳೆ:
ಹಡಗಿನ ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದುದು ಹಡಗಿನವರ ಕೈಯಲ್ಲಿ. ಅಮೆರಿಕದ ಅಧಿಕಾರಿ ಆ ಪಟ್ಟಿಯನ್ನು ಸ್ವೀಕರಿಸುತ್ತಿದ್ದ, ಅಷ್ಟೆ. ‘ಓ’ ಬಿದ್ದುಹೋದದ್ದು ಐರ್ಲೆಂಡಿನಲ್ಲಿಯೇ, ಇಂಗ್ಲಿಷರ ಆಡಳಿತ ಬಿಗಿಯಾದ ಕಾಲದಲ್ಲಿ. ಜೆರೆಮಿಯಾ ಹಡಗು ಹತ್ತುವ ಹೊತ್ತಿಗೆ ಬೇರಾದ ದಾಖಲೆಗಳಲ್ಲಿ ಬಹುಪಾಲು ಜನ ಬರಿಯ ಸಲಿವನ್‌ಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೇಲಿಕ್ ಅಭಿಮಾನ, ಎಂದರೆ ಐರಿಷ್ ಭಾಷೆ-ಸಂಸ್ಕೃತಿಯ ಅಭಿಮಾನ, ಮರಳಿ ಎದ್ದಾಗ ‘ಓ’ ಕೂಡ ಮರಳಿತು. ಆ ಭಾಷೆಗಾಗಿ ಕಟ್ಟಿದ ಗೇಲಿಕ್ ಲೀಗ್ ಹುಟ್ಟಿದ್ದು 1893ರಲ್ಲಿ. 1911ರ ಜನಗಣತಿ ನೋಡಿ, ಅಪ್ಪನ ಕಾಲಕ್ಕೆ ಸಲಿವನ್ ಆಗಿದ್ದ ಮನೆ ಮಗನ ಕಾಲಕ್ಕೆ ಓಸಲಿವನ್ ಆಗಿರುತ್ತದೆ.

ಹಳೆಕಡತ:
ಮೇಡಂ ಕೇಳಿದ್ದು ತಂದೆತಾಯಿಯ ಬಗ್ಗೆ. ದಯವಿಟ್ಟು ‘ಓ’ ಬಿಡಿ. ಮದುವೆಯ ದಿನ ಹೆಸರು ಹೇಳಿದವರು ಸ್ವತಃ ಜೆರೆಮಿಯಾ. ಮೂವತ್ತೆರಡು ವರ್ಷಗಳ ನಂತರ, ಮರಣದ ದಿನ, ಹೇಳಿದವರು ಬಹುಶಃ ಅಜ್ಜಿಯ ಮುಖವನ್ನೇ ಕಾಣದ ಮಗನೋ ಮಗಳೋ. ಎರಡರಲ್ಲಿ ಯಾರ ಮಾತಿಗೆ ತೂಕ ಹೆಚ್ಚು?

ನಿವೃತ್ತ ಶಿರಸ್ತೇದಾರ:
‘ಓ ಬಿಡಿ’ ಎಂದರೆ ಏನರ್ಥ? ಹೆಸರು ಬಿಟ್ಟು ವಂಶ ಹುಡುಕುತ್ತೀರಾ? ನನ್ನ ಮಗನ ಹೆಸರಿನ ಮುಂದಿದ್ದ ಊರಿನ ಹೆಸರು ಅಮೆರಿಕದಲ್ಲಿ ಕುಲನಾಮವಾಗಿ ಕುಳಿತಿದೆ. ಮೊಮ್ಮಕ್ಕಳಿಗೂ ಅದೇ. ನಾಳೆ ಅವರ ಮಕ್ಕಳು ನನ್ನನ್ನು ಹುಡುಕಿ ಬಂದರೆ ನಾನು ಸಿಗುವುದಿಲ್ಲ. ಇದು ಗುಮಾಸ್ತರ ಕೆಲಸವಲ್ಲದೆ ಮತ್ತೇನು?

ಡಬ್ಲಿನ್ ಮಳೆ:
ನಿಮ್ಮ ಮಗನ ಪಾಸ್‌ಪೋರ್ಟ್ ಅರ್ಜಿ ತುಂಬಿದವರು ಯಾರು ಸರ್? ನಿಮ್ಮ ಮನೆಯವರೇ ಅಲ್ಲವೇ? ನಾನು ಹೇಳುತ್ತಿರುವುದೂ ಅದನ್ನೇ. ಹೆಸರನ್ನು ಜನ ತಾವೇ ಬದಲಿಸಿಕೊಂಡರು, ತಾವೇ ಮರಳಿ ಪಡೆದರು.

ನಿವೃತ್ತ ಶಿರಸ್ತೇದಾರ:
ನನ್ನ ಮನೆಯ ವಿಷಯಕ್ಕೆ ಬರಬೇಡಿ. ನನ್ನ ವಯಸ್ಸಿಗಾದರೂ ಬೆಲೆ ಕೊಡಿ.

ಡಬ್ಲಿನ್ ಮಳೆ:
ಮನೆಯ ವಿಷಯ ಎತ್ತಿದವರು ನೀವು. ವಯಸ್ಸಿಗೆ ಗೌರವ ಇದ್ದೇ ಇದೆ, ಎಲ್ಲಿಸ್ ದ್ವೀಪದ ಕಥೆಗೆ ಇಲ್ಲ.

ರಕ್ತಸಂಬಂಧ:
ಇಷ್ಟೆಲ್ಲ ಜಗಳ ಏಕೆ? ಗಂಡನ ಡಿಎನ್ಎ ಪರೀಕ್ಷೆ ಮಾಡಿಸಿ. ಡೇನಿಯಲ್‌ನ ಬೇರೆ ಮಕ್ಕಳ ವಂಶದವರು ಸಿಕ್ಕೇ ಸಿಗುತ್ತಾರೆ. ರಕ್ತ ಸುಳ್ಳು ಹೇಳುವುದಿಲ್ಲ.

ಹಳೆಕಡತ:
‘ಸಿಕ್ಕೇ ಸಿಗುತ್ತಾರೆ’ ಎಂಬ ಭರವಸೆ ಎಲ್ಲಿಂದ ಬಂತು? ಜೆರೆಮಿಯಾನ ತಮ್ಮನ ವಂಶದವರು ಈ ತಲೆಮಾರಿಗೆ ನಾಲ್ಕನೆಯ ಹಂತದ ಸೋದರಸಂಬಂಧಿಗಳು. ಆ ದೂರದಲ್ಲಿ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗುರುತಿಸುವಷ್ಟು ಡಿಎನ್ಎ ಹೊಂದುವುದೇ ಇಲ್ಲ. ಬೇರಾದಂಥ ಮೂಲೆಯಲ್ಲಿ ಸಲಿವನ್‌ಗಳು, ಹ್ಯಾರಿಂಗ್ಟನ್‌ಗಳು ತಲೆತಲಾಂತರದಿಂದ ತಮ್ಮತಮ್ಮಲ್ಲೇ ಕೊಟ್ಟು ತಂದವರು. ಹೊಂದಿಕೆಯಾದರೂ ಅದು ಯಾವ ಕಡೆಯಿಂದ ಬಂತೆಂದು ಬಿಡಿಸುವುದು ಕಷ್ಟ.

ರಕ್ತಸಂಬಂಧ:
ಉಳಿದ ಅರ್ಧದಷ್ಟು ಜೋಡಿಗಳಲ್ಲಿ ಹೊಂದುತ್ತದೆ ಎಂದು ನೀವೇ ಒಪ್ಪಿದಿರಿ. ನನಗೆ ಅಷ್ಟು ಸಾಕು.

ಬಾಸ್ಟನ್ ಸೊಸೆ:
ಗಂಡ ಪರೀಕ್ಷೆಗೆ ಒಪ್ಪುವುದಿಲ್ಲ, ಆ ಮಾತು ಬೇಡ. ನನ್ನ 1831ರ ದಾಖಲೆಯಲ್ಲಿ ಏನು ತಪ್ಪಿದೆ ಎಂದು ಯಾರೂ ಹೇಳಲಿಲ್ಲ. ಇನ್ನೊಂದು ಮಾತು. ಮನೆಯವರು ‘ನಾವು ಕೆರ್ರಿಯವರು’ ಎನ್ನುತ್ತಾರೆ, ಸಮಾಧಿಯ ಕಲ್ಲಿನಲ್ಲಿ ‘ಕೌಂಟಿ ಕಾರ್ಕ್’ ಎಂದಿದೆ. ಎರಡೂ ಅಕ್ಕಪಕ್ಕದ ಕೌಂಟಿಗಳು, ನಮ್ಮ ಜಿಲ್ಲೆಗಳ ಹಾಗೆ. ನಾನು ಕಲ್ಲನ್ನೇ ನಂಬಿ ಕಾರ್ಕ್ ಹಿಡಿದೆ.

ಡಬ್ಲಿನ್ ಮಳೆ:
ಕಲ್ಲೂ ಸರಿ, ಮನೆಯವರ ಮಾತೂ ಸರಿ. ಬೇರಾದ ಹೆಚ್ಚಿನ ಭಾಗ ಕಾರ್ಕ್ ಕೌಂಟಿಯಲ್ಲಿದೆ, ಆದರೆ ಅಲ್ಲಿಯ ಕ್ಯಾಥೊಲಿಕ್ ಪ್ಯಾರಿಷ್‌ಗಳು ಕೆರ್ರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಕಂದಾಯ ಒಂದು ಕಡೆಗೆ, ಪೂಜೆ ಇನ್ನೊಂದು ಕಡೆಗೆ. ಜೆರೆಮಿಯಾ ತಮ್ಮನ್ನು ಕೆರ್ರಿಯವರೆಂದು ಹೇಳಿಕೊಂಡಿದ್ದರೆ ಆಶ್ಚರ್ಯವಿಲ್ಲ.

ನಿವೃತ್ತ ಶಿರಸ್ತೇದಾರ:
‘ಕಂದಾಯ’ ಎಂದಿರಲ್ಲ, ಈಗ ನನ್ನ ವಿಷಯಕ್ಕೆ ಬಂದಿರಿ. ಗ್ರಿಫಿತ್ ಮೌಲ್ಯಮಾಪನ ಎಂಬುದು 1847ರಿಂದ 1864ರವರೆಗೆ ಪ್ರಕಟವಾದ ಐರ್ಲೆಂಡಿನ ಪಹಣಿ. ಯಾವ ಟೌನ್‌ಲ್ಯಾಂಡಿನಲ್ಲಿ, ಎಂದರೆ ಅಲ್ಲಿಯ ಕಿರುಗ್ರಾಮದಲ್ಲಿ, ಯಾರು ಉಳುತ್ತಿದ್ದರು, ಒಡೆಯ ಯಾರು, ಎಲ್ಲ ಇದೆ. ಒಂದೇ ಊರಿನಲ್ಲಿ ಇಬ್ಬರು ಡೇನಿಯಲ್‌ಗಳಿದ್ದರೆ ಗುರುತಿಗೆ ಆವರಣದಲ್ಲಿ ಅಪ್ಪನ ಹೆಸರು ಹಾಕಿರುವುದೂ ಉಂಟು. ಆಮೇಲಿನ ತಿದ್ದುಪಡಿ ಪುಸ್ತಕಗಳಲ್ಲಿ ಬಣ್ಣಬಣ್ಣದ ಶಾಯಿಯಲ್ಲಿ ಹೆಸರು ಹೊಡೆದು ಹೊಸ ಹೆಸರು ಬರೆದಿದ್ದಾರೆ, ನಮ್ಮ ಪೌತಿ ಖಾತೆಯ ಹಾಗೆಯೇ. ಡೇನಿಯಲ್‌ನ ಅಪ್ಪ ಬೇಕಾದರೆ ಅಲ್ಲಿ ಹುಡುಕಿ ತಾಯಿ.

ಬಾಸ್ಟನ್ ಸೊಸೆ:
ಧನ್ಯವಾದ ಸರ್. ನನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ನೀವೊಬ್ಬರೇ.

ಹಳೆಕಡತ:
ಯಾವ ಡೇನಿಯಲ್ ಎಂದೇ ತೀರ್ಮಾನವಾಗದೆ ಡೇನಿಯಲ್‌ನ ಅಪ್ಪನನ್ನು ಹುಡುಕುವುದೇ? ಅದೇ ಪ್ಯಾರಿಷ್‌ನ ಪುಟಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ತೆರೆದಿಟ್ಟಿದೆ. ರಾತ್ರಿ ಕುಳಿತು ನೋಡಿದೆ. 1834ರಲ್ಲಿ ಇನ್ನೊಬ್ಬ ಜೆರೆಮಿಯಾ ಇದ್ದಾನೆ. ತಂದೆ ಡೇನಿಯಲ್ ಸಲಿವನ್, ತಾಯಿ ಜೊಹಾನಾ ಹ್ಯಾರಿಂಗ್ಟನ್. ಮೇಡಂ, 1870ರ ಅಮೆರಿಕದ ಜನಗಣತಿಯಲ್ಲಿ ನಿಮ್ಮ ಜೆರೆಮಿಯಾನ ವಯಸ್ಸು ಎಷ್ಟಿದೆ?

ಬಾಸ್ಟನ್ ಸೊಸೆ:
36. ಆದರೆ ಜನಗಣತಿಯ ವಯಸ್ಸನ್ನು ಯಾರೂ ನಂಬುವುದಿಲ್ಲ.

ಹಳೆಕಡತ:
ಮರಣ ದಾಖಲೆಯ 58ನ್ನು ಮಾತ್ರ ನಂಬಬೇಕೇ?

ರಕ್ತಸಂಬಂಧ:
ಹಳೆಕಡತ ಅವರೇ, ಐರ್ಲೆಂಡಿನ ದಾಖಲೆಗಳೆಲ್ಲ 1922ರಲ್ಲಿ ಸುಟ್ಟುಹೋದವು ಎಂದು ಎಲ್ಲರಿಗೂ ಗೊತ್ತಿದೆ. ಉಳಿದ ಚೂರುಗಳನ್ನು ಹಿಡಿದು ಇಷ್ಟು ಖಚಿತವಾಗಿ ಮಾತಾಡುವುದು ಸರಿಯಲ್ಲ.

ಡಬ್ಲಿನ್ ಮಳೆ:
‘ಎಲ್ಲ’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿ ಸುಟ್ಟದ್ದು ಸಾರ್ವಜನಿಕ ದಾಖಲಾತಿ ಕಚೇರಿ. 1821ರಿಂದ 1851ರವರೆಗಿನ ಜನಗಣತಿಗಳ ಬಹುಭಾಗ ಹೋಯಿತು, ಪ್ರೊಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ವಹಿಗಳು ಹೋದವು. 1861 ಮತ್ತು 1871ರ ಗಣತಿಯನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು. ಕ್ಯಾಥೊಲಿಕ್ ವಹಿಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ, ಪಾದ್ರಿಗಳ ಬಳಿ ಇದ್ದವು. ಇವರಿಗೆ ಬೇಕಾದದ್ದು ಅವೇ. ಸುಟ್ಟ 1851ರ ಗಣತಿಯಲ್ಲಿಯೂ ಒಂದಿಷ್ಟು ಉಳಿದಿದೆ. 1909ರಿಂದ ಎಪ್ಪತ್ತು ದಾಟಿದವರಿಗೆ ವೃದ್ಧಾಪ್ಯ ವೇತನ ಬಂತು. ಜನ್ಮಪತ್ರವಿಲ್ಲದ ಮುದುಕರು ತಂದೆತಾಯಿಯ ಹೆಸರು, ಊರು ಬರೆದು ಅರ್ಜಿ ಕೊಟ್ಟರೆ ಗುಮಾಸ್ತರು ಹಳೆಯ ಗಣತಿಯಲ್ಲಿ ಆ ಮನೆಯನ್ನು ಹುಡುಕಿ ವಯಸ್ಸು ಖಚಿತಪಡಿಸುತ್ತಿದ್ದರು. ಆ ಶೋಧ ನಮೂನೆಗಳು ಉಳಿದಿವೆ.

ಹಳೆಕಡತ:
ಈ ಒಂದು ಮಾತಿಗೆ ನಿಮಗೆ ಕೈ ಮುಗಿಯುತ್ತೇನೆ. ಹುಡುಕಿದೆ, ಸಿಕ್ಕಿತು. 1834ರ ದೀಕ್ಷಾಸ್ನಾನದಲ್ಲಿರುವ ಟೌನ್‌ಲ್ಯಾಂಡಿನಿಂದಲೇ 1913ರಲ್ಲಿ ಮೇರಿ ಎಂಬ ಮುದುಕಿಯ ಅರ್ಜಿ. ತಂದೆ ಡೇನಿಯಲ್, ತಾಯಿ ಜೊಹಾನಾ ಹ್ಯಾರಿಂಗ್ಟನ್. 1851ರ ಗಣತಿಯಲ್ಲಿ ಮೇರಿಗೆ 8 ವರ್ಷ. ಅಣ್ಣ ಹಡಗು ಹತ್ತಿದ ವರ್ಷ ಮನೆಯಲ್ಲಿ ಉಳಿದ ಮಗು ಇವಳೇ ಇರಬೇಕು.

ಬಾಸ್ಟನ್ ಸೊಸೆ:
‘ಇರಬೇಕು’ ಎಂದಿದ್ದೀರಿ. ಆ ಮೇರಿಗೆ ಜೆರೆಮಿಯಾ ಎಂಬ ಅಣ್ಣ ಬಾಸ್ಟನ್ನಿಗೆ ಹೋದನೆಂದು ಆ ಕಾಗದದಲ್ಲಿ ಬರೆದಿದೆಯೇ? ಇಲ್ಲ. ನನ್ನ ಹೊನೋರಾಳನ್ನು ನಾನು ಅಳಿಸುವುದಿಲ್ಲ. ತಂದೆ ಡೇನಿಯಲ್ ಎಂದು ನಾನು ಮೊದಲೇ ಹೇಳಿದ್ದೆ, ಅದು ಸರಿಯಾಗಿಯೇ ಇದೆ. ಬೇಕಾದರೆ ಜೊಹಾನಾಳ ಹೆಸರನ್ನು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯುತ್ತೇನೆ.

ಹಳೆಕಡತ:
ಪ್ರಶ್ನಾರ್ಥಕ ಚಿಹ್ನೆ ಇಬ್ಬರಿಗೂ ಹಾಕಿ ಮೇಡಂ. ಜೆರೆಮಿಯಾನ ಮಕ್ಕಳ ದೀಕ್ಷಾಸ್ನಾನಕ್ಕೆ ಬಾಸ್ಟನ್ನಿನಲ್ಲಿ ಸಾಕ್ಷಿಯಾಗಿ ನಿಂತವರು ಯಾರೆಂದು ನೋಡಿ. ಅಲ್ಲಿ ಒಬ್ಬ ಹ್ಯಾರಿಂಗ್ಟನ್ ಸಿಕ್ಕರೆ ನನಗೆ ತಿಳಿಸಿ.

ನಿವೃತ್ತ ಶಿರಸ್ತೇದಾರ:
ಆ 1913ರ ಅರ್ಜಿಯಲ್ಲಿ ಮನೆತನದ ಹೆಸರು ಏನಿದೆ?

ಹಳೆಕಡತ:
ಮೇರಿಯ ತವರಿನ ಹೆಸರು ಓಸಲಿವನ್ ಎಂದಿದೆ. 1851ರ ಗಣತಿಯಿಂದ ಇಳಿಸಿಕೊಂಡ ಸಾಲಿನಲ್ಲಿ ಸಲಿವನ್.

ನಿವೃತ್ತ ಶಿರಸ್ತೇದಾರ:
ಓ ಇದೆ! ನಾನು ಮೊದಲ ದಿನವೇ ಹೇಳಿದ್ದೆ.

ಡಬ್ಲಿನ್ ಮಳೆ:
1851ರ ಸಾಲನ್ನೂ ಓದಿ ಸರ್.